ಅತ್ತೆಯ ಕಾರ್ಡೋನ್ ಯಾವುದು

ನನ್ನ ಅತ್ತೆ ಡೊಮಿತಿಲಾ ಜೊತೆ ನಾನು ಮೂವತ್ತೊಂಬತ್ತು ವರ್ಷ ಒಂದು ಮಾತೂ ಆಡಿರಲಿಲ್ಲ. ಜಗಳ ಅಂದುಕೊಳ್ಳಬೇಡಿ. ಜಗಳವಾಡಬೇಕಾದರೂ ಮಾತು ಬೇಕಲ್ಲ. ಮರಳುಗಾಡು ಸಮುದ್ರಕ್ಕೆ ತಾಗುವ ಕಡೆ ಬದುಕುವ ನಮ್ಮ ಕೊಮ್‌ಕಾಕ್ ಜನರಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ, ಅತ್ತೆಯೂ ಅಷ್ಟೆ. ಅದು ಮರ್ಯಾದೆ. ಈಗಿನ ಹುಡುಗರು ಅತ್ತೆಯ ಪಕ್ಕದಲ್ಲೇ ಕೂತು ಟೀವಿ ನೋಡುತ್ತಾರೆ, ಅವರ ಕೈಯಿಂದ ರಿಮೋಟ್ ಕಿತ್ತುಕೊಳ್ಳುತ್ತಾರೆ. ಏನಾದರೂ ಮಾಡಿಕೊಳ್ಳಲಿ. ನಾನು ಹಳೇ ಕಾಲದವನು. ಅತ್ತೆ ನನಗಿಂತಲೂ ಹಳೇ ಕಾಲದವರು, ಎಂಬತ್ತೆಂಟು ವರ್ಷ.

ಹಾಗಂತ ದೂರ ಇದ್ದೆವಾ ಅಂದರೆ ಅದೂ ಇಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಹನ್ನೆರಡು ಹೆಜ್ಜೆ, ಒಂದು ಮುಳ್ಳುಕಡ್ಡಿಯ ಬೇಲಿ; ಎರಡೂ ಮನೆಯ ಎದುರು ಸಮುದ್ರ. ಮಾತೆಲ್ಲ ನನ್ನ ಹೆಂಡತಿ ಲಾಲಾಳ ಮೂಲಕ. ಅತ್ತೆ ಬೇಲಿಯ ಆಚೆಯಿಂದ ಕೂಗುತ್ತಿದ್ದರು: “ಲೇ ಲಾಲಾ, ಆ ಮನುಷ್ಯಂಗೆ ಹೇಳು, ಮೀನು ಕೊಡೋದಾದ್ರೆ ಇವತ್ತಿಂದು ಕೊಡ್ಲಿ. ಇದು ಮೊನ್ನೇದು, ನನ್ನನ್ನೇ ನೋಡ್ತಾ ಕೂತಿದೆ.” ಈಚೆ ಕೂತ ನನಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಆದರೂ ಲಾಲಾ ಹನ್ನೆರಡು ಹೆಜ್ಜೆ ನಡೆದು ಬಂದು, “ಮೀನು ಬಂತು ಅಂದ್ರು ಅಮ್ಮ” ಅನ್ನುತ್ತಿದ್ದಳು. ನಾನು ಬೈದದ್ದನ್ನೂ ಹಾಗೇ ತೊಳೆದು, ಮುಳ್ಳು ತೆಗೆದು ಆ ಕಡೆ ದಾಟಿಸುತ್ತಿದ್ದಳು. ಲಾಲಾ ಮನೆಯಲ್ಲಿ ಇಲ್ಲದಿದ್ದರೆ ನಮ್ಮ ನಾಯಿ ಚಾಟೋ ಇದ್ದ. “ಏನಪ್ಪಾ ಚಾಟೋ, ನೀರಿನ ಡ್ರಮ್ಮು ಖಾಲಿ ಆಗಿದೆ, ಗಂಡಸ್ರು ಯಾರಾದ್ರೂ ಬದುಕಿದಾರೋ ಇಲ್ವೋ?” ಅಂತ ಅತ್ತೆ ನಾಯಿಯನ್ನು ಕೇಳುತ್ತಿದ್ದರು. ನಾನು ಎದ್ದು ಹೋಗಿ ನೀರು ತುಂಬಿಸುತ್ತಿದ್ದೆ.

ಈ ಏರ್ಪಾಡಿನಲ್ಲಿ ಎಲ್ಲರೂ ಸುಖವಾಗಿದ್ದೆವು, ಬೆರೆನಿಸ್ ಬಂದು ಆ ಫೋಟೋ ತೆಗೆಯುವವರೆಗೆ.

ಬೆರೆನಿಸ್ ಎರ್ಮೊಸಿಯೊ ಅನ್ನುವ ಪಟ್ಟಣದವಳು. ಕಳ್ಳಿಗಳ ಫೋಟೋ ತೆಗೆಯುವುದೇ ಅವಳ ಕೆಲಸ. ಪ್ರತಿ ಏಪ್ರಿಲ್‌ನಲ್ಲಿ, ಮರದಷ್ಟು ಎತ್ತರ ಬೆಳೆಯುವ ಕಾರ್ಡೋನ್ ಕಳ್ಳಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ನಮ್ಮ ಊರಿಗೆ ಬರುತ್ತಾಳೆ. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆ ಮೇಲೆ ಹೊದ್ದುಕೊಳ್ಳುವ ಕಪ್ಪು ಬಟ್ಟೆ. ಬೆಳಿಗ್ಗೆ ಐದಕ್ಕೆ ಒಂದು ಕಳ್ಳಿಯ ಮುಂದೆ ನಿಂತರೆ ಒಂಬತ್ತಕ್ಕೆ ಒಂದು ಫೋಟೋ. ಒಂದೇ ಒಂದು. ಅಷ್ಟು ಹೊತ್ತಿನಲ್ಲಿ ನಾನು ಒಂದು ದೋಣಿ ಮೀನು ಹಿಡಿದು, ಮಾರಿ, ಮನೆಗೆ ಬಂದು ಮಲಗುತ್ತಿದ್ದೆ. ಜೊತೆಗೊಂದು ಸಣ್ಣ ಕ್ಯಾಮೆರಾ ಇತ್ತು, ತೆಗೆದದ್ದನ್ನು ತಕ್ಷಣ ತೋರಿಸುವಂಥದ್ದು. “ಅದು ಲೆಕ್ಕಕ್ಕಿಲ್ಲ, ಡಾನ್ ನಸಾರಿಯೋ. ಅದು ಬರೀ ಅಂದಾಜಿಗೆ” ಅನ್ನುತ್ತಿದ್ದಳು, ಯಜಮಾನರೇ ಅನ್ನುವ ಹಾಗೆ ನನ್ನನ್ನು ಡಾನ್ ಅಂತ ಕರೆಯುತ್ತ. ನನ್ನ ಕಣ್ಣಿಗೆ ಆ ಅಂದಾಜೇ ಚೆನ್ನಾಗಿ ಕಾಣುತ್ತಿತ್ತು. ಹೇಳಿದೆ ಕೂಡ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಆ ವರ್ಷ ಬಂದವಳೇ, ಲಾಲಾ ಕೊಟ್ಟ ಕಾಫಿ ಕುಡಿಯುವ ಮೊದಲೇ ಹೇಳಿದಳು: “ಈ ಸಲ ಎಲ್ಲಕ್ಕಿಂತ ದೊಡ್ಡ ಕಾರ್ಡೋನ್ ಬೇಕು. ಹಳೇ ಬಿಡಾರದ ಹಿಂದಿನ ಕಣಿವೇಲಿ ಒಂದಿದೆ ಅಂತ ನೀವೇ ಹೇಳಿದ್ರಿ.”

“ಇದೆ. ಆದ್ರೆ ಅದು ನಮ್ಮ ಅತ್ತೇದು.”

“ಹಾಗಾದ್ರೆ ಅಜ್ಜೀನ ಕೇಳೋಣ” ಅಂದಳು. ಹತ್ತು ವರ್ಷದಿಂದ ಬರುತ್ತಿರುವವಳು, ಅವಳಿಗೆ ಗೊತ್ತು. ನಮ್ಮಲ್ಲಿ ಹಿಂದೆ ಮಗು ಹುಟ್ಟಿದರೆ ಅದರ ಮಾಸನ್ನು ಒಂದು ಕಾರ್ಡೋನ್ ಬುಡದಲ್ಲಿ ಹೂಳುತ್ತಿದ್ದರು. ಅಲ್ಲಿಂದ ಮುಂದೆ ಆ ಕಳ್ಳಿ ಆ ಮನುಷ್ಯನದು. ಆಗಾಗ ಹೋಗಿ ಅದರ ಬುಡದಲ್ಲಿ ಒಂದು ಹಿಡಿ ಹಸಿರು ಸೊಪ್ಪು ಇಟ್ಟು ಬಂದರೆ ಮೈಗೆ ಒಳ್ಳೆಯದು. ನನ್ನದು ಎದುರಿಗಿರುವ ಟಿಬುರೋನ್ ದ್ವೀಪದಲ್ಲಿದೆ. ಈಗಿನ ಮಕ್ಕಳದು ಆಸ್ಪತ್ರೆಯ ಬಕೆಟ್ಟಿನಲ್ಲಿದೆ, ಪಾಪ.

ಅತ್ತೆಯ ಮಂಡಿ ಸೋತು ಆರು ವರ್ಷವಾಗಿತ್ತು. ಅಂದಿನಿಂದ ಅವರ ಸೊಪ್ಪು ಇಟ್ಟು ಬರುವ ಕೆಲಸ ನನ್ನದು. ಅದರ ಹಿಂದಿನ ಅಕ್ಟೋಬರ್‌ನಲ್ಲಿ ಚಂಡಮಾರುತ ಬಂದು ನಮ್ಮ ಎರಡು ದೋಣಿ, ಶಾಲೆಯ ತಗಡು, ಕಣಿವೆಯ ಎಷ್ಟೋ ಕಾರ್ಡೋನ್‌ಗಳನ್ನು ಉರುಳಿಸಿತಲ್ಲ, ಆಗಲೂ ಅತ್ತೆ ಲಾಲಾಳ ಮೂಲಕ ನನ್ನನ್ನೇ ಕಳಿಸಿದ್ದರು. ಹೋಗಿ ನೋಡಿ ಬಂದು ಹೇಳಿ ಕಳಿಸಿದೆ: ಸಿಪಾಯಿ ನಿಂತ ಹಾಗೆ ನಿಂತಿದೆ, ಒಂದು ಮುಳ್ಳೂ ಉದುರಿಲ್ಲ.

ಅದನ್ನು ಕೇಳಿದ ಮಾರನೆಯ ದಿನ ಅತ್ತೆ ದೊಡ್ಡ ಬುಟ್ಟಿಗೆ ಕೈ ಹಾಕಿದರು.

ದೊಡ್ಡ ಬುಟ್ಟಿ ಅಂದರೆ ಮಾರಲು ಹೆಣೆಯುವ ಸಣ್ಣಪುಟ್ಟ ಬುಟ್ಟಿಯಲ್ಲ. ಒಬ್ಬ ಮನುಷ್ಯ ಒಳಗೆ ಕೂರಬಹುದು. ತೊರೋತೆ ಗಿಡದ ಬರಲನ್ನು ಸೀಳಿ, ನೆನೆಸಿ, ಮೂಳೆಯ ದಬ್ಬಳದಲ್ಲಿ ಒಂದೊಂದೇ ಹೊಲಿಗೆ ಹಾಕುತ್ತ ಹೋದರೆ ಎರಡು ವರ್ಷದ ಕೆಲಸ. ಮುಗಿದ ದಿನ ಇಡೀ ಊರಿಗೆ ಹಾಡು, ಕುಣಿತ, ಊಟ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವಂತಿಲ್ಲ, ಬಿಟ್ಟರೆ ಮನೆಗೆ ಒಳ್ಳೆಯದಲ್ಲ. ಅದಕ್ಕೇ ಅತ್ತೆ ಮೊದಲು ಕಳ್ಳಿಯನ್ನು ವಿಚಾರಿಸಿದ್ದು. “ಅದು ನಿಂತಿದ್ರೆ ನಂಗಿನ್ನೂ ಎರಡು ವರ್ಷ ಇದೆ. ಅದು ಬಿದ್ದಿದ್ರೆ ಬುಟ್ಟಿ ಶುರು ಮಾಡೋದು ಬೇಡ, ಯಾರ ತಲೆಗೂ ಕಟ್ಟೋದು ಬೇಡ” ಅಂತ ಲಾಲಾಗೆ ಹೇಳಿದ್ದರಂತೆ. ಆರು ತಿಂಗಳಿಂದ ಬೇಲಿಯ ಆಚೆ ದಬ್ಬಳದ ಕಿರ್ ಕಿರ್ ಸದ್ದು. ಏಪ್ರಿಲ್ ಹೊತ್ತಿಗೆ ಬುಟ್ಟಿ ಮೊಣಕಾಲು ಎತ್ತರ ಎದ್ದಿತ್ತು.

ಬೆರೆನಿಸ್ ಹೋಗಿ ಕೇಳಿದಳು. ಅತ್ತೆಗೆ ಖುಷಿಯೋ ಖುಷಿ.

“ತೆಗಿ ಮಗಳೇ, ತೆಗಿ. ಆರು ವರ್ಷ ಆಯ್ತು ನಾನು ಅದನ್ನ ನೋಡಿ. ತೆಗೆದಿದ್ದನ್ನ ಇವತ್ತೇ ತಂದು ತೋರ್ಸು. ಆ ಮನುಷ್ಯಂಗೆ ಹೇಳು, ಸೊಪ್ಪು ಬಾಡಿದ್ದು ಇಡ್ಬಾರ್ದು ಅಂತ.”

ಬೆರೆನಿಸ್ ನನ್ನ ಹತ್ತಿರ ಬಂದು ಅದನ್ನು ಇದ್ದದ್ದು ಇದ್ದ ಹಾಗೇ ಹೇಳಿದಳು. ನೋಡಿ, ಲಾಲಾ ಆಗಿದ್ದರೆ ಬಾಡಿದ ವಿಷಯ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಹಳೇ ಬಿಡಾರದವರೆಗೆ ನನ್ನ ಪಿಕಪ್ ಗಾಡಿ, ಅಲ್ಲಿಂದ ನಡಿಗೆ. ಕಣಿವೆಯ ನಡುವೆ ಒಣಹಳ್ಳ. ಅದರ ಎಡದಂಡೆಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು ಅತ್ತೆಯ ಕಾರ್ಡೋನ್. ಕೊಂಬೆಗಳ ಹಾಗೆ ಮೇಲೆದ್ದ ಹನ್ನೊಂದು ಕೈ. ತಲೆಯ ಮೇಲೆಲ್ಲ ಬಿಳಿ ಹೂ, ಹೂವಿನಲ್ಲೆಲ್ಲ ಜೇನುನೊಣ. ನಾನು ಬುಡದಲ್ಲಿ ಸೊಪ್ಪು ಇಟ್ಟು, ಅತ್ತೆಯ ಪರವಾಗಿ ನಾಲ್ಕು ಮಾತಾಡಿದೆ. ಬೆರೆನಿಸ್ ಕಪ್ಪು ಬಟ್ಟೆಯೊಳಗೆ ಹೊಕ್ಕಳು.

ಎರಡು ಗಂಟೆ ಕಾದೆವು. ಸೂರ್ಯ ಗುಡ್ಡದ ಮೇಲೆ ಬಂದ, ಬೆಳಕು ಸರಿ ಆಗಲಿಲ್ಲ. ಮೋಡ ಬಂತು, ಆಗಲಿಲ್ಲ.

“ಯಾಕಮ್ಮಾ, ಅದೇನು ನಾಚ್ಕೋತಿದೆಯಾ?” ಅಂದೆ.

“ನೀವು ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಬೆಳಕು ಬೇಗ ಬರತ್ತೆ.”

“ನಾನು ಬಾಯಿ ಮುಚ್ಚಿದ್ರೆ ಸೂರ್ಯನೇ ಗಾಬರಿ ಬೀಳ್ತಾನೆ.”

ನನ್ನನ್ನು ಸುಮ್ಮನಾಗಿಸಲು ಕಪ್ಪು ಬಟ್ಟೆಯೊಳಗೆ ಕರೆದು ತೋರಿಸಿದಳು. ಗಾಜಿನ ಮೇಲೆ ಇಡೀ ಕಣಿವೆ ತಲೆಕೆಳಗು! ಕಾರ್ಡೋನ್ ಆಕಾಶದಿಂದ ಇಳಿಬಿದ್ದಿದೆ. ಇದನ್ನು ನೋಡಲು ಮನುಷ್ಯರು ಐದು ಗಂಟೆಗೆ ಏಳುತ್ತಾರೆ. ನಾನೇನೂ ಅನ್ನಲಿಲ್ಲ. ಹತ್ತು ವರ್ಷದಲ್ಲಿ ಅಷ್ಟು ಕಲಿತಿದ್ದೆ. ಕೊನೆಗೆ ಮೋಡ ಸರಿದು, ಅವಳು ದೊಡ್ಡ ಪೆಟ್ಟಿಗೆಯಲ್ಲಿ ಒಂದು, ಸಣ್ಣದರಲ್ಲಿ ಅಂದಾಜಿಗೆ ಒಂದು ತೆಗೆದಳು.

ಮಧ್ಯಾಹ್ನ ಲಾಲಾ ಮತ್ತು ಬೆರೆನಿಸ್ ಲ್ಯಾಪ್‌ಟಾಪ್ ತೆಗೆದುಕೊಂಡು ಅತ್ತೆಯ ಹತ್ತಿರ ಹೋದರು. ನಾನು ಬೇಲಿಯ ಈಚೆ ಕೂತು ಹೊಗಳಿಕೆಗೆ ಕಾದೆ. ದಬ್ಬಳದ ಸದ್ದು ನಿಂತಿತು.

“ಇದ್ಯಾವ್ದು?” ಅಂದರು ಅತ್ತೆ.

“ನಿಮ್ಮದೇ ಅಜ್ಜಿ.”

“ನನ್ನದಾ? ಲೇ ಲಾಲಾ, ಕನ್ನಡಕ ಕೊಡು.” ಆಮೇಲೆ ಬಂತು ನೋಡಿ ಒಂದು ಕೂಗು, ಚಾಟೋ ಎದ್ದು ನನ್ನ ಕಾಲ ಸಂದಿಗೆ ನುಗ್ಗಿದ. “ಇದು ರೆಮಿಹಿಯಾದು! ಆ ಜಗಳಗಂಟಿ ರೆಮಿಹಿಯಾದು! ಬುಡದಲ್ಲಿ ಹೊಟ್ಟೆ ಬಿಟ್ಕೊಂಡಿಲ್ವಾ, ಥೇಟ್ ಅವಳ ಥರಾನೇ?”

ರೆಮಿಹಿಯಾ ಅಂದರೆ ಉತ್ತರದ ಹಳ್ಳಿಯ ಮುದುಕಿ. ಐವತ್ತು ವರ್ಷದ ಹಿಂದೆ ಅತ್ತೆಯ ಬುಟ್ಟಿಯ ಚಿತ್ತಾರವನ್ನು ಕದ್ದು ತನ್ನದು ಅಂದವಳು. ತೊಂಬತ್ತನಾಲ್ಕಾದರೂ ಪ್ರತಿ ಹಬ್ಬದಲ್ಲೂ ಕುಣಿಯುತ್ತಾಳೆ.

“ಆರು ವರ್ಷ!” ಅತ್ತೆ ಎದೆ ಬಡಿದುಕೊಂಡ ಸದ್ದು ಈಚೆ ಕೇಳಿಸಿತು. “ಆರು ವರ್ಷ ನನ್ನ ಸೊಪ್ಪನ್ನ ಅವಳ ಕಾಲಿಗೆ ಹಾಕಿದಾನೆ. ಅದಕ್ಕೇ ಆ ಮುದುಕಿ ಕುಣೀತಾಳೆ, ನಾನು ಇಲ್ಲಿ ಮಂಡಿ ಹಿಡ್ಕೊಂಡು ಕೂತಿದೀನಿ!”

ಲಾಲಾ ಹನ್ನೆರಡು ಹೆಜ್ಜೆ ಬಂದಳು. “ಅಮ್ಮ ಏನೋ ಸಣ್ಣ ಅನುಮಾನ ಅಂತಿದಾರೆ” ಅಂದಳು.

“ಕೇಳಿಸ್ತು ಕಣೇ.”

“ಎಡಗಡೇದು ಅಂತ ತಾನೇ ನಾನು ಹೇಳಿದ್ದು? ನೀನು ಎಲ್ಲಿಗೆ ಹೋದೆ?”

“ಎಡಗಡೆಗೇ ಹೋದೆ!”

ವಿಚಾರಣೆ ನಡೆಯಿತು. ಅತ್ತೆ ಹೇಳಿದ್ದು ಇಷ್ಟು: ಕಳ್ಳಿಯ ಹತ್ತಿರ ಹೋಗಿ, ಸಮುದ್ರದ ಕಡೆ ಮುಖ ಮಾಡಿ ನಿಂತರೆ ಹಳ್ಳದ ಎಡಗಡೆ ಇರುವ ದೊಡ್ಡದು. ನಮ್ಮ ಹಳಬರು ಎಲ್ಲವನ್ನೂ ಸಮುದ್ರ ನೋಡಿಯೇ ಹೇಳುವುದು. ಲಾಲಾ ದಾಟಿಸಿದ್ದು: ಎಡಗಡೆ ಇರುವ ದೊಡ್ಡದು. ನಾನು ಸಮುದ್ರಕ್ಕೆ ಬೆನ್ನು ಹಾಕಿ ಕಣಿವೆಯೊಳಗೆ ನಡೆದವನು. ನನ್ನ ಎಡ ಅತ್ತೆಯ ಬಲ. “ಯಾವ ಎಡ ಅಂತ ಕೇಳಕ್ಕೇನಾಗಿತ್ತು ನಿಂಗೆ?” ಅಂತ ನೀವು ಅನ್ನಬಹುದು. ಅತ್ತೆಯ ಮಾತು ಅರ್ಥವಾಗಲಿಲ್ಲ ಅಂತ ಅತ್ತೆಗೇ ಹೇಳಿ ಕಳಿಸುವುದೇ? ಅದಕ್ಕಿಂತ ತಪ್ಪು ಕಳ್ಳಿಗೆ ಹೋಗುವುದೇ ಮೇಲು ಅಂತ ನಮ್ಮ ಜನ ಯೋಚಿಸುತ್ತಾರೆ. ನಾನಂತೂ ಹಾಗೇ ಯೋಚಿಸಿದ್ದು.

ಬೆರೆನಿಸ್‌ಗೆ ನಗು ತಡೆಯಲಾಗಲಿಲ್ಲ. ಬೇಲಿ ಹಿಡಿದುಕೊಂಡು ನಕ್ಕಳು, ಮುಳ್ಳು ಚುಚ್ಚಿಸಿಕೊಂಡು ಮತ್ತೆ ನಕ್ಕಳು. ಅತ್ತೆಯೂ ಆ ಕಡೆ ನಗುತ್ತಿದ್ದರು. ಆಮೇಲೆ ಅತ್ತೆಯ ನಗು ಮಾತ್ರ ನಿಂತಿತು.

“ಹಾಗಾದ್ರೆ ಲಾಲಾ, ಗಾಳಿ ಬಂದಾಗ ಅವನು ನೋಡಿ ಬಂದಿದ್ದೂ ಇದನ್ನೇ ತಾನೇ?”

ಲಾಲಾ ಹನ್ನೆರಡು ಹೆಜ್ಜೆ ವಾಪಸ್ ಆ ಕಡೆ ನಡೆದಳು.

“ನನ್ನದನ್ನ ಯಾರೂ ನೋಡಿಲ್ಲ.”

ಆ ಮಧ್ಯಾಹ್ನ ದಬ್ಬಳದ ಸದ್ದು ಮತ್ತೆ ಶುರುವಾಗಲಿಲ್ಲ. ಆರು ತಿಂಗಳು ಕಿರ್ ಕಿರ್ ಅಂತ ತಲೆ ತಿಂದಿದ್ದ ಸದ್ದು ಅದು. ಈಗ ಇಲ್ಲದೆ ಮನೆಯಲ್ಲಿ ಕೂರಲು ಆಗಲಿಲ್ಲ, ದಂಡೆಗೆ ಹೋಗಿ ಹರಿಯದ ಬಲೆಯನ್ನು ಹೊಲಿದೆ. ಅತ್ತೆ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಕೂತಿದ್ದಾರೆ ಅಂತ ಲಾಲಾ ಹೇಳಿದಳು. ಮೊಣಕಾಲೆತ್ತರದ ಬುಟ್ಟಿ. ಮುಂದುವರಿಸಲು ಧೈರ್ಯವಿಲ್ಲ, ಬಿಡುವಂತಿಲ್ಲ. ಅದಕ್ಕೆಲ್ಲ ಸಿಪಾಯಿಯ ಹಾಗೆ ನಿಂತಿದೆ ಅಂದ ನನ್ನ ಮಾತೇ ಕಾರಣ.

ಮರುದಿನ ಬೆಳಗಾಗುತ್ತಲೇ ನಾನೂ ಬೆರೆನಿಸ್ಸೂ ಹೊರಟೆವು. ಈ ಸಲ ದಾರಿ ಕೇಳಿದವಳು ಅವಳು. ಪುಸ್ತಕ ಹಿಡಿದು, ಅತ್ತೆಯ ಎದುರಿಗೇ ಕೂತು, ನಕ್ಷೆ ಬರೆದುಕೊಂಡಿದ್ದಳು: ಒಣಹಳ್ಳ ಎರಡನೇ ಸಲ ತಿರುಗುವ ಕಡೆ, ದಂಡೆಯ ಮೇಲೆ, ಒಂಬತ್ತು ಕೈ, ಸಮುದ್ರದ ಕಡೆಯ ಒಂದು ಕೈ ಮಾತ್ರ ಮೊಣಕೈ ಮಡಚಿದ ಹಾಗೆ ಕೆಳಗೆ ಬಾಗಿದೆ, ಬುಡದಲ್ಲಿ ಚಪ್ಪಟೆ ಕಲ್ಲು.

ಕಲ್ಲು ಸಿಕ್ಕಿತು. ಕಲ್ಲಿನ ಪಕ್ಕ ಒಂದು ಗುಂಡಿ.

ಕಾರ್ಡೋನ್ ದಂಡೆಯಿಂದ ಹಳ್ಳದೊಳಗೆ, ತಲೆ ಕೆಳಗಾಗಿ ಬಿದ್ದಿತ್ತು, ದಡಕ್ಕೆ ಬಂದು ಬಿದ್ದ ತಿಮಿಂಗಿಲದ ಹಾಗೆ. ಆ ಕಡೆ ಹತ್ತಾರು ಬಿದ್ದಿದ್ದವು, ಅಕ್ಟೋಬರ್‌ನಲ್ಲಿ ದೂರದಿಂದ ನಾನು ಕಂಡಿದ್ದೆ ಕೂಡ. ಅದ್ಯಾಕೆ ನೋಡಲಿ, ನಾನು ನೋಡಬೇಕಾದದ್ದು ಎಡಗಡೇದಲ್ಲವೇ ಅಂದುಕೊಂಡಿದ್ದೆ. ಬಾಗಿದ ಆ ಒಂದು ಕೈ ಮರಳಿನೊಳಗೆ ಹೂತಿತ್ತು. ನಾನು ಕಲ್ಲಿನ ಮೇಲೆ ಕೂತೆ. ಅರವತ್ತೇಳು ವರ್ಷದವನು, ಕಣ್ಣು ಒರೆಸಿಕೊಂಡೆ. ಮರಳು ಹೋಗಿತ್ತು ಅಂತ ಬೆರೆನಿಸ್‌ಗೆ ಹೇಳಿದೆ. ಗಾಳಿಯೇ ಇರಲಿಲ್ಲ.

“ಒಂದ್ ಕೆಲ್ಸ ಮಾಡು ಮಗಳೇ. ಅಲ್ಲೊಂದು ನಿಂತಿದೆ ನೋಡು, ಒಂಬತ್ತು ಕೈ ಇದೆ. ಅದನ್ನ ತೆಗಿ. ಅದೇ ಇದು ಅಂತ ತೋರ್ಸೋಣ.”

“ಡಾನ್ ನಸಾರಿಯೋ, ರೆಮಿಹಿಯಾ ಅಜ್ಜಿ ಹೊಟ್ಟೆ ನೋಡಿ ಗುರುತು ಹಿಡಿದವರು ಅವರು. ಇದನ್ನ ನಂಬ್ತಾರಾ?”

“ನಂಬ್ದೇ ಇದ್ರೆ ಆಮೇಲೆ ನೋಡ್ಕೊಳ್ಳೋಣ.”

“ಹದಿನೆಂಟು ವರ್ಷದಿಂದ ಫೋಟೋ ತೆಗೀತಿದೀನಿ. ಒಂದು ಕಲ್ಲನ್ನೂ ಪಕ್ಕಕ್ಕೆ ಸರಿಸಿ ತೆಗೆದವಳಲ್ಲ ನಾನು.” ಸಿಟ್ಟಿನಿಂದ ಎದ್ದು ಹಳ್ಳದೊಳಗೆ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗಿದಳು: “ಬನ್ನಿ ಇಲ್ಲಿ! ಬೇಗ ಬನ್ನಿ!”

ಇಳಿದು ಹೋದೆ. ತೊಗಟೆ ಸೀಳಿ ಒಳಗಿನ ಕಡ್ಡಿಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಆದರೆ ಮೇಲ್ಮುಖವಾಗಿದ್ದ ಎರಡು ಕೈ ಹಸಿರಾಗಿದ್ದವು. ಆರು ತಿಂಗಳಿಂದ ಬೇರಿಲ್ಲ, ನೀರಿಲ್ಲ, ಹೊಟ್ಟೆಯಲ್ಲಿ ಕೂಡಿಟ್ಟದ್ದನ್ನೇ ಕುಡಿಯುತ್ತ ಬಿದ್ದಿದೆ. ಆ ಎರಡು ಕೈಗಳ ತುದಿಯಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಹೂ. ಹದಿನಾಲ್ಕು ಹೂ, ಬೆರೆನಿಸ್ ಎಣಿಸಿದಳು. ಹುಟ್ಟಿದಾಗಿನಿಂದ ಕಾರ್ಡೋನ್‌ಗಳ ನಡುವೆ ಇದ್ದೇನೆ, ಹೂವನ್ನು ಕತ್ತೆತ್ತಿ ನೋಡಿದ್ದೇ ಹೊರತು ಮೂಗಿನ ಹತ್ತಿರ ಕಂಡಿರಲಿಲ್ಲ.

ಬೆರೆನಿಸ್ ಫೋಟೋ ತೆಗೆಯಲಿಲ್ಲ. “ಮೊದಲು ಅಜ್ಜೀನ ಕೇಳ್ಬೇಕು” ಅಂದಳು.

ಕೇಳುವುದೆಂದರೆ ಮೊದಲು ಹೇಳಬೇಕಲ್ಲ.

ಮನೆಗೆ ಬಂದು ಲಾಲಾಗೆ ವಿಷಯ ತಿಳಿಸಿದೆ. ಅವಳು ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ಹೋಗಿ ಹೇಳು.”

“ನೀನು ಹೇಳ್ಬೇಕು ಕಣೇ. ನಾನು ಹೇಗೆ?”

“ಮೂವತ್ತೊಂಬತ್ತು ವರ್ಷ ನಿಮ್ಮಿಬ್ಬರ ಮಧ್ಯ ಓಡಾಡಿದೀನಿ. ಅಮ್ಮ ನಿನ್ನನ್ನ ಹಂದಿ ಅಂದಿದ್ದನ್ನ ಮಗಾ ಅಂತ ದಾಟಿಸಿದೀನಿ. ನೀನು ಅಮ್ಮನ್ನ ಏನೇನಂದಿದೀಯ ಅಂತ ನಾನೀಗ ಬಾಯ್ಬಿಡೋದು ಬೇಡ. ಇದೊಂದು ನನ್ನ ಕೈಲಾಗಲ್ಲ, ನಸಾರಿಯೋ. ಇದಕ್ಕೆ ಸಕ್ಕರೆ ಹಚ್ಚಕ್ಕೆ ಬರಲ್ಲ.”

ಬೆರೆನಿಸ್ ಕಡೆ ನೋಡಿದೆ. ಅವಳು ಲೆನ್ಸು ಒರೆಸುವುದರಲ್ಲಿ ಮಗ್ನಳಾದಳು. ಒರೆಸಿದ್ದನ್ನೇ ಒರೆಸಿದಳು.

ಸರಿ, ಬೇಲಿಯ ಹತ್ತಿರ ಹೋಗಿ, ಬೇಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಚಾಟೋನನ್ನು ಎದುರಿಗೆ ಕೂರಿಸಿಕೊಂಡೆ. ಆಚೆ ಅತ್ತೆ ಇದ್ದಾರೆ ಅಂತ ಅವರ ಕುರ್ಚಿಯ ಸದ್ದಿನಿಂದ ಗೊತ್ತಾಯಿತು.

“ನೋಡಪ್ಪಾ ಚಾಟೋ, ಇವತ್ತು ಕಣಿವೆಗೆ ಹೋಗಿದ್ದೆ. ನಿಂಗೆ ಒಂದು ವಿಷಯ ಹೇಳ್ಬೇಕು. ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ—”

ಆಗಲೇ ಲಾಲಾ ಬಾಣಲೆಗೆ ಮೀನು ಹಾಕಿದಳು. ಚುಂಯ್ ಅಂತ ಸದ್ದು ಬಂತು. ಚಾಟೋ ಎದ್ದ, ನನ್ನ ಮುಖವನ್ನೂ ನೋಡದೆ ಹೊರಟೇ ಹೋದ.

ಉಳಿದವರು ನಾನು, ಬೇಲಿ, ಅತ್ತೆ.

ಸಮುದ್ರದಲ್ಲಿ ದೋಣಿ ಮಗುಚಿದಾಗಲೂ ಇಷ್ಟು ಹೆದರಿರಲಿಲ್ಲ. ಸಮುದ್ರದ ಕಡೆಗೇ ನೋಡುತ್ತ ಹೇಳಿಬಿಟ್ಟೆ: “ನಿಮ್ಮ ಕಾರ್ಡೋನ್ ಬಿದ್ದುಹೋಗಿದೆ, ಅತ್ತೆ. ಅಕ್ಟೋಬರ್ ಗಾಳೀಲೇ ಬಿದ್ದಿದೆ. ನಾನು ನೋಡದೇ ನಿಂತಿದೆ ಅಂದೆ. ತಪ್ಪು ನಂದು.”

ಕುರ್ಚಿಯ ಸದ್ದೂ ನಿಂತಿತು.

“ಯಾವ ಕಡೆ ಬಿತ್ತು?”

ಅತ್ತೆಯ ದನಿ. ನಡುವೆ ಯಾರೂ ಇಲ್ಲದೆ, ನೇರ ನನ್ನ ಬೆನ್ನಿಗೆ.

“ಸಮುದ್ರದ ಕಡೆ.”

“ಅಕ್ಟೋಬರ್‌ನಲ್ಲಾ?”

“ಹೌದು. ಆರು ತಿಂಗಳಾಯ್ತು.”

ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ ಸದ್ದು. “ನಾನು ಬುಟ್ಟಿ ಶುರು ಮಾಡಿದ್ದು ಗಾಳಿ ಆದ್ಮೇಲೆ. ಅಂದ್ರೆ ಅದು ಬಿದ್ಮೇಲೆ ಇಷ್ಟೆಲ್ಲಾ ಹೆಣೆದಿದೀನಿ.” ಅಂಗೈಯಿಂದ ಬುಟ್ಟಿಯನ್ನು ತಟ್ಟಿದ್ದು ಕೇಳಿಸಿತು. ಟಪ್ ಟಪ್ ಟಪ್, ಕೆಳಗಿನಿಂದ ಮೇಲಕ್ಕೆ. “ಅದು ಮಲಗಿದೆ, ನಾನು ಕೂತಿದೀನಿ. ಆರು ತಿಂಗಳಿಂದ ಸಾಯ್ದೇ ಇದ್ದೋಳು ಈಗ ವಿಷಯ ತಿಳೀತು ಅಂತ ಸಾಯ್ಬೇಕಾ?”

“ಬೇಡ ಅತ್ತೆ.”

“ನಿನ್ನನ್ನ ಯಾರು ಕೇಳಿದ್ರು? ನನ್ನನ್ನೇ ನಾನು ಕೇಳ್ಕೋತಿದೀನಿ. ದನಿ ನೋಡು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಪೆಲಿಕನ್ ಥರ.”

“ಅದಿನ್ನೂ ಪೂರ್ತಿ ಸತ್ತಿಲ್ಲ ಅತ್ತೆ. ಎರಡು ಕೈ ಹಸಿರಾಗಿವೆ. ಹೂ ಬಿಟ್ಟಿದೆ, ಮಲಗಿದಲ್ಲೇ.”

“ಹೂ? ಎಷ್ಟು ಎತ್ತರದಲ್ಲಿ?”

“ನಿಮ್ಮ ಕೈಗೆ ಸಿಗತ್ತೆ.”

ಕುರ್ಚಿ ಕಿರುಗುಟ್ಟಿತು. “ಲಾಲಾ! ನನ್ನ ಕೆಂಪು ಲಂಗ ಎಲ್ಲಿದೆ?”

“ಅಮ್ಮಾ,” ಅಂದಳು ಲಾಲಾ, ಅಳುತ್ತಿದ್ದಳೋ ನಗುತ್ತಿದ್ದಳೋ, “ನೀವಿಬ್ರೂ ಮಾತಾಡಿದ್ರಿ. ಊರವರಿಗೆ ಗೊತ್ತಾದ್ರೆ?”

“ಮುಖ ನೋಡಿ ಮಾತಾಡ್ಬಾರ್ದು ಅಂತ ತಾನೇ ಇರೋದು? ನಾನು ಅವನ ಬೆನ್ನಿಗೆ ಮಾತಾಡಿದೆ. ಬೆನ್ನಿಗೆ ಮಾತಾಡ್ಬಾರ್ದು ಅಂತ ಯಾವ ಹಿರಿಯರೂ ಹೇಳಿಲ್ಲ. ಹಿರಿಯರು ಅಂತ ಉಳಿದಿರೋಳೂ ಈಗ ನಾನೇ.” ಒಂದು ಗಳಿಗೆ ತಡೆದು ಸೇರಿಸಿದರು, “ರೆಮಿಹಿಯಾನ ಬಿಟ್ರೆ.”

ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಅತ್ತೆ ನಾಲ್ಕು ಗಂಟೆಗೇ ಕೆಂಪು ಲಂಗ, ಹಸಿರು ತಲೆವಸ್ತ್ರ ತೊಟ್ಟು, ಕೆನ್ನೆಯ ಮೇಲೆ ಹಬ್ಬದ ದಿನದ ನೀಲಿ ಬಿಳಿ ಗೆರೆ ಬರೆದುಕೊಂಡು ಸಿದ್ಧ ಅಂತ ಲಾಲಾ ಹೇಳಿದಳು. ನಾನು ಓಡಿಸುವವನು, ಮುಂದೆ. ಅತ್ತೆಯ ಕುರ್ಚಿ ಹಿಂದೆ, ಗಾಡಿಯ ತೊಟ್ಟಿಯಲ್ಲಿ, ಲಾಲಾ ಮತ್ತು ಬೆರೆನಿಸ್ ಎರಡೂ ಕಡೆ ಹಿಡಿದುಕೊಂಡು. ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸಿಬಿಟ್ಟೆ, ಅಪ್ಪಿತಪ್ಪಿಯೂ ಮುಖ ಕಾಣಬಾರದಲ್ಲ. ಮೊದಲಾಗಿದ್ದರೆ ಹಳ್ಳದ ತುಂಬ ಬಂಡೆ, ಕತ್ತೆಯೂ ಹತ್ತುತ್ತಿರಲಿಲ್ಲ. ಅಕ್ಟೋಬರ್ ಪ್ರವಾಹ ಎಲ್ಲವನ್ನೂ ಗುಡಿಸಿಕೊಂಡು ಹೋಗಿ ಮರಳು ಹಾಸಿತ್ತು. ಟಯರಿನ ಗಾಳಿ ಅರ್ಧ ಬಿಟ್ಟು ನಿಧಾನಕ್ಕೆ ಹತ್ತಿಸಿದೆ. ಹಿಂದಿನಿಂದ ಉದ್ದಕ್ಕೂ ನನ್ನ ಬೆನ್ನಿಗೆ ಬೈಗುಳ: “ಗುಂಡಿ! ಗುಂಡಿ ಕಾಣಲ್ವಾ? ಹಿಂದೆ ಮನುಷ್ಯರಿದೀವಿ, ಸೀಗಡಿ ಅಲ್ಲ!”

ಕಾರ್ಡೋನ್‌ನ ತಲೆ ಗಾಡಿಯಿಂದ ಹತ್ತು ಹೆಜ್ಜೆ. ಲಾಲಾ, ಬೆರೆನಿಸ್ ಸೇರಿ ಕುರ್ಚಿಯನ್ನು ಇಳಿಸಿ ಎತ್ತಿಕೊಂಡು ಹೋದರು. ನಾನು ಗುಡ್ಡದ ಕಡೆ ತಿರುಗಿ ನಿಂತೆ. ಆದ್ದರಿಂದ ಮುಂದಿನದೆಲ್ಲ ನಾನು ಕೇಳಿದ್ದು, ಕಂಡದ್ದಲ್ಲ.

ಮೊದಲು ಅತ್ತೆ ಬಿದ್ದ ಕಾರ್ಡೋನ್‌ಗೆ ಮೆಲ್ಲಗೆ ನಮ್ಮ ಹಳೇ ಮಾತಿನಲ್ಲಿ ಏನೋ ಹೇಳಿದರು, ಮಗುವಿಗೆ ಹೇಳುವ ಹಾಗೆ. ಆಮೇಲೆ ಮೂಗು ಎಳೆದ ಸದ್ದು.

“ಥೂ.”

“ಯಾಕಮ್ಮಾ?”

“ಎಂಬತ್ತೆಂಟು ವರ್ಷ ಕೆಳಗೆ ನಿಂತು ನೋಡಿ, ಮೇಲೆ ಏನು ಪರಿಮಳವೋ ಅಂದ್ಕೊಂಡಿದ್ದೆ. ಹಳಸಿದ ಕಲ್ಲಂಗಡಿ ಸಿಪ್ಪೆ ವಾಸನೆ ಇದು!”

ಲಾಲಾ ನಕ್ಕಳು, ಬೆರೆನಿಸ್ ನಕ್ಕಳು. ನಾನು ಗುಡ್ಡದ ಕಡೆ ಮುಖ ಮಾಡಿ ನಕ್ಕೆ. ಅತ್ತೆ ಮತ್ತೆ ಮೂಸಿದರು, ಮತ್ತೆ ಥೂ ಅಂದರು, ಹದಿನಾಲ್ಕನ್ನೂ ಒಂದೊಂದಾಗಿ ಮೂಸಿದರು. ಕೊನೆಗೆ ಸೊಪ್ಪನ್ನು ತಮ್ಮ ಕೈಯಾರೆ ಇಟ್ಟರು.

ಬೆರೆನಿಸ್ ಫೋಟೋ ಕೇಳಿದಳು. ಒಪ್ಪಿಗೆ ಸಿಕ್ಕಿತು, ಆದರೆ ಅತ್ತೆ ಪಕ್ಕದಿಂದ ಏಳುವುದಿಲ್ಲ ಅಂದರು. ಮೂರು ಕಾಲಿನ ಸ್ಟ್ಯಾಂಡು ನೆಟ್ಟು ಅವಳು ಬಟ್ಟೆಯೊಳಗೆ ಹೊಕ್ಕಳು. ಸೂರ್ಯ ಇನ್ನೂ ಗುಡ್ಡದ ಹಿಂದೆ, ಬೆಳಕು ಒಂದು ಚಿಟಿಕೆಯಷ್ಟು. “ಅಜ್ಜಿ, ನಾಲ್ಕು ಸೆಕೆಂಡು ಅಲ್ಲಾಡ್ಬಾರ್ದು. ಉಸಿರು ಕೂಡ ಮೆಲ್ಲಗೆ. ಡಾನ್ ನಸಾರಿಯೋ, ನೀವು ಹಾಗೇ ಬೆನ್ನು ತಿರುಗಿಸಿ ನಿಂತಿರಿ, ಚೆನ್ನಾಗಿದೆ.”

“ನಾಲ್ಕು ಸೆಕೆಂಡು ತಾನೇ, ಕಲ್ಲಿನ ಥರ ಕೂರ್ತೀನಿ” ಅಂದರು ಅತ್ತೆ.

ಬೆರೆನಿಸ್ ಗುಂಡಿ ಒತ್ತಿದಳು. ಒಂದು. ಎರಡು.

“ಅಲ್ಲಾ, ಆ ಮನುಷ್ಯನ ಬೆಲ್ಟು ನೋಡಿದ್ಯಾ ಲಾಲಾ, ಪ್ಯಾಂಟಿನ ಹಿಂದೆ ಒಂದು ಕೊಂಡಿಗೂ ತೂರಿಸಿಲ್ಲ! ನಿನ್ನ ಮದುವೆ ದಿನಾನೂ ಹೀಗೇ ಬಂದಿದ್ದ, ಅವತ್ತೇ ಹೇಳ್ಬೇಕು ಅಂದ್ಕೊಂಡೆ—”

ನಾಲ್ಕು.

ಫಿಲ್ಮು ತೊಳೆದ ಮೇಲೆ, ಮೇ ತಿಂಗಳಲ್ಲಿ, ಬೆರೆನಿಸ್ ಆ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ತಂದಳು. ಜೊತೆಗೆ ರೆಮಿಹಿಯಾಳ ಕಳ್ಳಿಯದೂ ಇತ್ತು, ಉತ್ತರದ ಹಳ್ಳಿಗೆ ಹೋಗಿ ಆ ಮುದುಕಿಯ ಒಪ್ಪಿಗೆಯನ್ನೂ ತಂದಿದ್ದಳು. ಅದರ ಮೇಲೆ ಏನೇನು ಮಾತಾಯಿತು ಅನ್ನುವುದನ್ನು ಹೇಳಲಾರೆ, ಹೆಂಗಸರು ಕೇಳುತ್ತಿರಬಹುದು. ಅತ್ತೆಯ ಫೋಟೋದಲ್ಲಿ ಬಿದ್ದ ಕಾರ್ಡೋನ್‌ನ ಒಂದೊಂದು ಮುಳ್ಳನ್ನೂ ಎಣಿಸಬಹುದು. ಹೂ, ಹೂವಿನೊಳಗಿನ ಜೇನುನೊಣ, ಲಾಲಾಳ ಓಲೆ, ಕೊಂಡಿಗೆ ಸಿಕ್ಕದ ನನ್ನ ಬೆಲ್ಟು, ಎಲ್ಲ ಸ್ಪಷ್ಟ. ಅತ್ತೆಯ ಕೆಂಪು ಲಂಗವೂ ಸ್ಪಷ್ಟ. ಕತ್ತಿನಿಂದ ಮೇಲೆ ಮಾತ್ರ ಮಂಜು, ಮೂರು ನಾಲ್ಕು ಬಾಯಿ ಒಂದರ ಮೇಲೊಂದು.

ಬೆರೆನಿಸ್ ಅಳುವ ಹಾಗಾಗಿದ್ದಳು. “ಕ್ಷಮಿಸಿ ಅಜ್ಜಿ. ಇನ್ನೊಂದು ತೆಗೀಬೇಕಿತ್ತು. ಅಷ್ಟರಲ್ಲಿ ಸೂರ್ಯ ಬಂದ್ಬಿಟ್ಟ.”

ಬೇಲಿಯ ಆಚೆ ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು ಅಂತ ಲಾಲಾ ಹೇಳಿದಳು. ನೋಡುತ್ತಲೇ ದಬ್ಬಳ ಕೈಗೆತ್ತಿಕೊಂಡರಂತೆ. ಬುಟ್ಟಿ ಆಗಲೇ ತೊಡೆಯ ಎತ್ತರ ಬಂದಿತ್ತು.

“ಅದಕ್ಕೇನಂತೆ,” ಅಂದದ್ದು ನನಗೂ ಕೇಳಿಸಿತು. “ಮುಂದಿನ ಏಪ್ರಿಲ್‌ಗೆ ಬಾ ಮಗಳೇ, ಆಗ ಬಾಯಿ ಮುಚ್ಕೊಂಡು ಕೂರ್ತೀನಿ. ಇದು ಮುಗಿಯೋಕೆ ಇನ್ನೂ ಒಂದೂವರೆ ವರ್ಷ ಬೇಕು, ಅಲ್ಲೀವರೆಗೂ ನಾನೆಲ್ಲಿಗೆ ಹೋಗ್ಲಿ?”